18 ರೂಪಾಯಿ, 38 ಲಕ್ಷ ಕೋಟಿ ಡಾಲರ್

1984 ಇರಬೇಕು. ನನಗೆ ಹತ್ತು ವರ್ಷ. ಹಾಸನ ಜಿಲ್ಲೆಯ ನಮ್ಮೂರಿನ ಸೊಸೈಟಿಗೆ ಅಪ್ಪ ಸೆಕ್ರೆಟರಿ. ಸೊಸೈಟಿ ಅಂದರೆ ಒಂದು ಹೆಂಚಿನ ಕಟ್ಟಡ, ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಸಕ್ಕರೆ, ಸೀಮೆಎಣ್ಣೆ. ಹಿಂದಿನದರಲ್ಲಿ ಗೊಬ್ಬರದ ಮೂಟೆಗಳು, ಒಂದು ಕಬ್ಬಿಣದ ಪೆಟ್ಟಿಗೆ, ಅಪ್ಪನ ಮೇಜು. ಆ ವರ್ಷ ಆಡಿಟ್‌ಗೆ ಬಂದವರು ಸಂಜೆವರೆಗೂ ಕೂಡಿ ಕಳೆದರು. ಲೆಕ್ಕ ತಾಳೆಯಾಗಲಿಲ್ಲ. 18 ರೂಪಾಯಿ ಕಮ್ಮಿ.

"ಹೋಗ್ಲಿ ಬಿಡಿ ಸೆಕ್ರೆಟ್ರಿಗಳೇ, ಜೇಬಿಂದ ಹಾಕಿ ಮುಗಿಸಿ. ನನಗೆ ಐದೂವರೆ ಬಸ್ಸು ತಪ್ಪಿದ್ರೆ ಇನ್ನು ಬೆಳಗ್ಗೆನೇ" ಅಂದರು ಆಡಿಟರು.

ಅಪ್ಪ ಒಪ್ಪಲಿಲ್ಲ. "ಜೇಬಿಂದ ಹಾಕಿದ್ರೆ ಲೆಕ್ಕ ಸರಿಹೋಗಲ್ಲ ಸ್ವಾಮಿ. ತಪ್ಪು ಮುಚ್ಚಿಹೋಗುತ್ತೆ, ಅಷ್ಟೆ."

ಮೂರು ರಾತ್ರಿ ಸೊಸೈಟಿಯಲ್ಲೇ ಕೂತರು. ಊಟದ ಕ್ಯಾರಿಯರ್ ಒಯ್ಯುವ ಕೆಲಸ ನನ್ನದು. ಮೂರನೇ ರಾತ್ರಿ ಸಿಕ್ಕಿತು. ದಿನವಹಿಯಲ್ಲಿ 53 ಅಂತ ಇದ್ದದ್ದನ್ನು ಖಾತೆಗೆ ಎತ್ತಿ ಬರೆಯುವಾಗ 35 ಮಾಡಿದ್ದರು. "ವ್ಯತ್ಯಾಸ ಒಂಬತ್ತರಿಂದ ಭಾಗ ಹೋದ್ರೆ ಮೊದಲು ಅಂಕಿ ಹಿಂದುಮುಂದಾಗಿದೆಯಾ ನೋಡು ಮಗ" ಅಂದರು. ಲೆಕ್ಕಪತ್ರದ ಬಗ್ಗೆ ಅವರು ನನಗೆ ಕಲಿಸಿದ್ದು ಅದೊಂದೇ.

ಈಗ ನಾನಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಇಲ್ಲಿನ ಪೌರತ್ವ ತಗೊಂಡು ಹನ್ನೆರಡು ವರ್ಷವಾಯಿತು. ಏಪ್ರಿಲ್ ಬಂತೆಂದರೆ ಅಡುಗೆಮನೆಯ ಮೇಜಿನ ಮೇಲೆ ತೆರಿಗೆ ಕಾಗದ ಹರಡಿಕೊಳ್ಳುತ್ತೇನೆ. ಸಾಫ್ಟ್‌ವೇರ್‌ಗೆ ಬಿಟ್ಟರೆ ಅರ್ಧ ಗಂಟೆಯ ಕೆಲಸ. ಆದರೂ ಒಮ್ಮೆ ಪೆನ್ಸಿಲ್ ಹಿಡಿದು ಕೂಡಿ ನೋಡದೆ ಸಮಾಧಾನವಿಲ್ಲ. ನನ್ನ ಹೆಂಡತಿ ಇದನ್ನು ನಿಮ್ಮ ಅಪ್ಪನ ವಾರ್ಷಿಕ ಅನ್ನುತ್ತಾಳೆ. ಅಪ್ಪನ ನೆನಪು, ಜೊತೆಗೆ ಇಡೀ ದಿನ ಸರ್ಕಾರಕ್ಕೆ ಬೈಗುಳದ ಮಂತ್ರ.

ರಾಜಕೀಯದಲ್ಲಿ ನಾನು ಕನ್ಸರ್ವೇಟಿವ್. ಇದನ್ನು ಹೇಳಿದ ಕೂಡಲೇ ಊರಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ ಟ್ರಂಪ್ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಕನ್ಸರ್ವೇಟಿವ್‌ತನ ಯಾವ ಪಕ್ಷದಿಂದಲೂ ಬಂದದ್ದಲ್ಲ, ಆ ಸೊಸೈಟಿಯ ಹಿಂದಿನ ಕೋಣೆಯಿಂದ ಬಂದದ್ದು. ಬೇರೆಯವರ ದುಡ್ಡು ಮುಟ್ಟುವಾಗ ಕೈ ಸ್ವಲ್ಪ ನಡುಗಬೇಕು. ಅಮೆರಿಕದ ಸರ್ಕಾರಕ್ಕೆ ಆ ನಡುಕ ಹೋಗಿ ಬಹಳ ಕಾಲವಾಗಿದೆ.

ನಮ್ಮ ಮನೆಯಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಬಟ್ಲರ್ ಕೌಂಟಿಯಲ್ಲಿ ಬಾಯರ್ಸ್ ಅಂತ ಒಂದು ಊರು ಸಿಗುತ್ತದೆ. ಊರು ಅನ್ನುವುದೂ ದೊಡ್ಡ ಮಾತು. ಅಲ್ಲಿ ಸುಣ್ಣಕಲ್ಲಿನ ಒಂದು ಹಳೆಯ ಗಣಿ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ಅದನ್ನು ದಾಖಲೆ ಇಡುವ ಜಾಗ ಮಾಡಿದರು. ಒಳಗೆ ತಂಪು, ಬೆಂಕಿಯ ಭಯವಿಲ್ಲ. ಕೇಂದ್ರ ಸರ್ಕಾರದ ನೌಕರರು ನಿವೃತ್ತರಾದರೆ ಅವರ ಪಿಂಚಣಿಯ ಕಡತ ಬಂದು ಸೇರುತ್ತಿದ್ದದ್ದು ಅಲ್ಲಿಗೆ, ನೆಲದಿಂದ 230 ಅಡಿ ಕೆಳಗೆ. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದರ ಕಥೆ ಬರೆದಾಗ ನಾನು ಎರಡೆರಡು ಸಲ ಓದಿದ್ದೆ. 600 ನೌಕರರು. 28,000 ಕಡತದ ಬೀರುಗಳು. ಕಾಗದ ಒಂದು ಗುಹೆಯಿಂದ ಇನ್ನೊಂದು ಗುಹೆಗೆ ಕೈಯಿಂದ ಕೈಗೆ ಹೋಗಬೇಕು. ಯಾವುದೋ ಒಂದು ಕಾಗದ ಇಲ್ಲ ಅಂದರೆ ಫೋನ್ ಮಾಡಿ ತರಿಸಿಕೊಳ್ಳಬೇಕು. ಕಂಪ್ಯೂಟರಿನಿಂದ ಮುದ್ರಿಸಿ ಕಳಿಸಿದ ಅಂಕಿಗಳನ್ನು ಇಲ್ಲಿ ಮತ್ತೆ ಕಂಪ್ಯೂಟರಿಗೆ ಟೈಪ್ ಮಾಡಬೇಕು. ಒಂದು ಕಡತ ಮುಗಿಯಲು ಸರಾಸರಿ 61 ದಿನ. 1977ರಲ್ಲೂ ಅಷ್ಟೇ ದಿನ ಹಿಡಿಯುತ್ತಿತ್ತಂತೆ!

ಸರಿಪಡಿಸುವ ಪ್ರಯತ್ನ ಮಾಡಲಿಲ್ಲ ಅಂತಲ್ಲ. 1987ರಿಂದ ಮೇಲಿಂದ ಮೇಲೆ ಮಾಡಿದರು. ಹತ್ತು ಕೋಟಿ ಡಾಲರ್‌ಗೂ ಜಾಸ್ತಿ ಸುರಿದರು. 2008ರಲ್ಲಿ ಹೊಸ ವ್ಯವಸ್ಥೆ ಶುರುಮಾಡಿ, ಅದು ನಡೆಯದೆ, ಕೈಬಿಟ್ಟು ಮತ್ತೆ ಕಾಗದಕ್ಕೆ ಮರಳಿದರು. ಆನ್‌ಲೈನ್ ಅರ್ಜಿ ಕೊನೆಗೂ ಬಂದದ್ದು 2025ರಲ್ಲಿ.

ಒಂದು ಭಾನುವಾರ ಆ ಕಡೆ ಹೋಗಿದ್ದೆವು. ಒಳಗೆ ಯಾರನ್ನೂ ಬಿಡುವುದಿಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಕಾಡು ನೋಡಿಕೊಂಡು, ಫ್ಲಾಸ್ಕಿನ ಕಾಫಿ ಕುಡಿದು ವಾಪಸ್ ಬಂದೆವು. ನನ್ನನ್ನು ಕಾಡಿದ್ದು ಇದು: ಈ ಕಥೆಯಲ್ಲಿ ಕಳ್ಳ ಯಾರೂ ಇಲ್ಲ. ಆ 600 ಜನ ಸೋಮಾರಿಗಳಲ್ಲ. ಕಷ್ಟದ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು. ಪಿಂಚಣಿಯ ಕಾನೂನಿಗೆ ಪ್ರತಿ ಕಾಂಗ್ರೆಸ್ಸೂ, ಅಂದರೆ ಇಲ್ಲಿನ ಸಂಸತ್ತು, ಒಂದು ಗಂಟು ಜಾಸ್ತಿ ಮಾಡುತ್ತಾ ಹೋಯಿತು, ಗಂಟು ಬಿಚ್ಚುವವರು ಗಣಿಯೊಳಗೆ ಕೂತಿದ್ದರು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಇಲ್ಲಿ ಜಾತ್ರೆಯೂ ಇಲ್ಲ. ಜಾತ್ರೆಯಲ್ಲಾದರೆ ತೇರಾದರೂ ಎಳೀತಾರೆ.

ಪೋಲು ಅಂದ ಕೂಡಲೇ ನಮಗೆ ಬೇಕಾದದ್ದು ನಗಿಸುವ ಕಥೆ. ಅಮೆರಿಕದಲ್ಲಿ ಇದಕ್ಕೆ ಒಂದು ಪರಂಪರೆಯೇ ಇದೆ. ವಿಸ್ಕಾನ್ಸಿನ್‌ನ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಲ್ಲಿ ಗೋಲ್ಡನ್ ಫ್ಲೀಸ್, ಅಂದರೆ ಚಿನ್ನದ ಉಣ್ಣೆ, ಅಂತ ಒಂದು ಪ್ರಶಸ್ತಿ ಶುರುಮಾಡಿದರು. ತೆರಿಗೆದಾರನ ಉಣ್ಣೆ ಬೋಳಿಸಿದವರಿಗೆ ತಿಂಗಳಿಗೊಂದು ಅವಮಾನ. ಮೊದಲನೆಯದು ಜನ ಯಾಕೆ ಪ್ರೀತಿಯಲ್ಲಿ ಬೀಳುತ್ತಾರೆ ಅನ್ನುವ ಸಂಶೋಧನೆಗೆ 84,000 ಡಾಲರ್ ಕೊಟ್ಟ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ. ಪ್ರಾಕ್ಸ್‌ಮೈರ್ ಡೆಮಾಕ್ರಟ್, ಆದರೆ ಜೇಬಿನ ವಿಷಯದಲ್ಲಿ ನಮ್ಮವರೇ. 1982ರ ಚುನಾವಣೆಗೆ ಅವರು ಖರ್ಚು ಮಾಡಿದ್ದು 150 ಡಾಲರ್‌ಗಿಂತ ಕಡಿಮೆ. ಅಂಥವರೂ ತಮ್ಮ ರಾಜ್ಯದ ಹಾಲಿನ ಬೆಂಬಲ ಬೆಲೆಯ ಮಾತು ಬಂದಾಗ ಮಾತ್ರ ಹೈನುಗಾರರ ಕಡೆಗೇ ನಿಲ್ಲುತ್ತಿದ್ದರು. ವಿಸ್ಕಾನ್ಸಿನ್ ಅಂದರೆ ಹಾಲು, ಚೀಸು. ಹಾಲು ಕರೆಯುವವರ ಮತ ಬೇಕಲ್ವಾ?

ಅವರ ಹಾದಿಯಲ್ಲಿ ಬಂದವರು ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್. ವೃತ್ತಿಯಲ್ಲಿ ವೈದ್ಯರು, ರಿಪಬ್ಲಿಕನ್. ಎಲ್ಲ ಖರ್ಚಿಗೂ ಬೇಡ ಅನ್ನುತ್ತಿದ್ದರಿಂದ ಡಾಕ್ಟರ್ ನೋ ಅಂತ ಅಡ್ಡಹೆಸರು. ಅವರು ಪ್ರತಿ ವರ್ಷ ತರುತ್ತಿದ್ದ ಪೋಲಿನ ಪಟ್ಟಿಯನ್ನು ನಾನು ದೀಪಾವಳಿ ವಿಶೇಷಾಂಕದ ಹಾಗೆ ಕಾಯುತ್ತಿದ್ದೆ. ಕೋಬರ್ನ್ ಎತ್ತಿ ತೋರಿಸಿದ್ದರಲ್ಲಿ ಹೆಸರುವಾಸಿಯಾದದ್ದು ಟ್ರೆಡ್‌ಮಿಲ್ ಮೇಲೆ ಓಡುವ ಸೀಗಡಿ. ವಿಡಿಯೋ ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅನುದಾನ ಐದು ಲಕ್ಷ ಡಾಲರ್ ಚಿಲ್ಲರೆ ಅಂತ ಸುದ್ದಿ. ಆಮೇಲೆ ಆ ಸಂಶೋಧಕರು ವಿವರಿಸಿದರು: ಹಣ ಹೋದದ್ದು ಸಮುದ್ರದ ನೀರು ಕೆಟ್ಟರೆ ಜೀವಿಗಳು ಹೇಗೆ ರೋಗ ತಡೆದುಕೊಳ್ಳುತ್ತವೆ ಅನ್ನುವ ಹಲವು ವರ್ಷಗಳ ಅಧ್ಯಯನಕ್ಕೆ. ಟ್ರೆಡ್‌ಮಿಲ್ಲನ್ನು ತಾವೇ ಗುಜರಿ ಸಾಮಾನಿನಿಂದ ಕಟ್ಟಿದ್ದು, ಅದಕ್ಕೆ ಬಿದ್ದದ್ದು 47 ಡಾಲರ್. ನನಗೆ ನಾಚಿಕೆಯಾಯಿತು. ಜೇಬಿನಿಂದ 18 ರೂಪಾಯಿ ಹಾಕಿ ಮುಗಿಸಿ ಅಂದವರಿಗೂ ನನಗೂ ಏನು ವ್ಯತ್ಯಾಸ? ಇಬ್ಬರಿಗೂ ಬೇಗ ಬಸ್ಸು ಹಿಡಿಯಬೇಕಿತ್ತು.

ಆದರೆ ಕೋಬರ್ನ್ ಮಾಡಿದ ಇನ್ನೊಂದು ಕೆಲಸ ನಗಿಸುವಂಥದ್ದಲ್ಲ, ಹಾಗಾಗಿ ಅದು ಯಾರಿಗೂ ನೆನಪಿಲ್ಲ. 2006ರಲ್ಲಿ ಅವರು ಒಬ್ಬ ಯುವ ಡೆಮಾಕ್ರಟ್ ಸೆನೆಟರ್ ಜೊತೆ ಸೇರಿ ಒಂದು ಕಾನೂನು ತಂದರು. ಕೇಂದ್ರ ಸರ್ಕಾರದ ಪ್ರತಿ ಗುತ್ತಿಗೆ, ಪ್ರತಿ ಅನುದಾನ ಸಾರ್ವಜನಿಕರಿಗೆ ಅಂತರ್ಜಾಲದಲ್ಲಿ ಕಾಣುವಂತಿರಬೇಕು. ಆ ಯುವ ಸೆನೆಟರ್ ಬರಾಕ್ ಒಬಾಮ. ಇವತ್ತಿಗೂ ನಿದ್ದೆ ಬಾರದ ರಾತ್ರಿ ನಾನು ಆ ತಾಣದಲ್ಲಿ ಸುತ್ತಾಡುತ್ತೇನೆ. ಬೇರೆಯವರು ಹಳೇ ಕ್ರಿಕೆಟ್ ಮ್ಯಾಚು ನೋಡೋ ಹಾಗೆ.

ಅಪ್ಪ 18 ರೂಪಾಯಿ ಹುಡುಕುತ್ತಿದ್ದ ಕಾಲದಲ್ಲೇ ಇಲ್ಲಿ ಪೆಂಟಗನ್ನಿನ, ಅಂದರೆ ರಕ್ಷಣಾ ಇಲಾಖೆಯ, 435 ಡಾಲರ್ ಸುತ್ತಿಗೆ ದೊಡ್ಡ ಸುದ್ದಿ. ನಲವತ್ತು ವರ್ಷದಿಂದ ಎಲ್ಲ ಭಾಷಣಗಳಲ್ಲೂ ಆ ಸುತ್ತಿಗೆ ಬರುತ್ತದೆ. ನಿಜ ಸಂಗತಿ ಬೇರೆ. ಸುತ್ತಿಗೆಯ ಬೆಲೆ ಸುಮಾರು 15 ಡಾಲರ್. ಗುತ್ತಿಗೆಯ ಮೇಲ್ಖರ್ಚನ್ನೆಲ್ಲ ಪಟ್ಟಿಯಲ್ಲಿದ್ದ ಸಾಮಾನುಗಳಿಗೆ ಸಮನಾಗಿ ಹಂಚಿದ್ದರು. ದುಬಾರಿ ಯಂತ್ರಕ್ಕೂ 420, ಸುತ್ತಿಗೆಗೂ 420. ಅಂದರೆ ಸುತ್ತಿಗೆಗೆ ಯಾರೂ 435 ಕೊಟ್ಟಿರಲಿಲ್ಲ, ಆದರೆ ಪುಸ್ತಕ ನೋಡಿ ಯಾವ ಸಾಮಾನಿಗೆ ಎಷ್ಟು ಬಿತ್ತು ಅಂತ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ನನ್ನ ಪ್ರಕಾರ ಇದು ದುಬಾರಿ ಸುತ್ತಿಗೆಗಿಂತ ಕೆಟ್ಟದ್ದು. ಪೆಂಟಗನ್ ಮೊದಲ ಸಲ ಪೂರ್ತಿ ಲೆಕ್ಕಪರಿಶೋಧನೆಗೆ ಒಳಗಾದದ್ದು 2018ರಲ್ಲಿ. ಫೇಲು. 2024ರಲ್ಲಿ ಏಳನೇ ಸಲವೂ ಫೇಲು. ನಮ್ಮೂರಿನ ಸೊಸೈಟಿ ಏಳು ಸಲ ಫೇಲಾಗಿದ್ದರೆ ಅಪ್ಪ ಊರು ಬಿಡಬೇಕಾಗುತ್ತಿತ್ತು.

ಇನ್ನು ಮೇಕೆಯ ಕಥೆ. ಇದು ನನಗೆ ಪ್ರಿಯವಾದದ್ದು.

1954ರಲ್ಲಿ ಕಾಂಗ್ರೆಸ್ ಉಣ್ಣೆ ಬೆಳೆಯುವವರಿಗೆ ಸಹಾಯಧನದ ಕಾನೂನು ಮಾಡಿತು. ಕೊರಿಯಾ ಯುದ್ಧ ಆಗಷ್ಟೇ ಮುಗಿದಿತ್ತು. ಸೈನಿಕರ ಸಮವಸ್ತ್ರಕ್ಕೆ ಉಣ್ಣೆ ಬೇಕು, ಅದು ದೇಶರಕ್ಷಣೆಯ ವಿಷಯ ಅನ್ನುವ ವಾದ. ಅದರ ಬಾಲ ಹಿಡಿದು ಅಂಗೋರಾ ಮೇಕೆಯ ಕೂದಲೂ, ಅಂದರೆ ಮೊಹೇರ್ ಕೂಡ ಒಳಗೆ ಬಂತು. ಆಮೇಲೆ ಸೈನ್ಯ ಕೃತಕ ನೂಲಿಗೆ ಹೋಯಿತು. ಉಣ್ಣೆಯನ್ನು ರಕ್ಷಣೆಗೆ ಬೇಕಾದ ವಸ್ತುಗಳ ಪಟ್ಟಿಯಿಂದಲೇ ತೆಗೆದರು. ಸಹಾಯಧನ ಮಾತ್ರ ವರ್ಷ ವರ್ಷ ಹೋಗುತ್ತಲೇ ಇತ್ತು, ಹೆಚ್ಚಾಗಿ ಟೆಕ್ಸಸ್‌ನ ಮೇಕೆ ಸಾಕುವವರಿಗೆ. 1993ರಲ್ಲಿ ಕೊನೆಗೂ ನಿಲ್ಲಿಸುವ ತೀರ್ಮಾನವಾಯಿತು, 1995ಕ್ಕೆ ನಿಂತಿತು. ಪತ್ರಿಕೆಗಳೆಲ್ಲ ಹೊಗಳಿದವು. 2002ರ ಕೃಷಿ ಮಸೂದೆಯಲ್ಲಿ ಮೇಕೆ ಬೇರೆ ಬಾಗಿಲಿನಿಂದ ಒಳಗೆ ಬಂತು.

ಸರ್ಕಾರದ ಹೀಲಿಯಂ ಅನಿಲದ ಭಂಡಾರದ್ದೂ ಇದೇ ಕಥೆ. ಗಾಳಿಹಡಗುಗಳಿಗೆ ಬೇಕು ಅಂತ 1925ರಲ್ಲಿ ಶುರುವಾಯಿತು. 1996ರಲ್ಲಿ ಮಾರಿಬಿಡಿ ಅಂತ ಕಾನೂನು ಬಂತು. ನಿಜವಾಗಿ ಖಾಸಗಿಯವರ ಕೈಗೆ ಹೋದದ್ದು 2024ರಲ್ಲಿ.

ಯಾಕೆ ಹೀಗೆ? ಲೆಕ್ಕ ಸುಲಭ. ನೂರು ಜನರಿಗೆ ಸರ್ಕಾರ ತಲಾ ಒಂದು ಲಕ್ಷ ಡಾಲರ್ ಕೊಡುತ್ತದೆ ಅಂದುಕೊಳ್ಳಿ. ಒಟ್ಟು ಒಂದು ಕೋಟಿ. ಇದನ್ನು ದೇಶದ 33 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಮೂರು ಸೆಂಟ್. ಆ ನೂರು ಜನ ವಾಷಿಂಗ್ಟನ್‌ಗೆ ವಿಮಾನ ಹತ್ತಿ ಬಂದು, ಕಾಂಗ್ರೆಸ್ ಸದಸ್ಯನ ಬಾಗಿಲಲ್ಲಿ ಕೂತು, ಅವನ ಚುನಾವಣೆಗೆ ಚೆಕ್ ಬರೆದು ಹೋಗುತ್ತಾರೆ. ಮೂರು ಸೆಂಟ್ ಉಳಿಸಲು ನಾನು ಪಿಟ್ಸ್‌ಬರ್ಗ್‌ನಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಹೋಗುತ್ತೇನಾ? ಇಂಥ ಮೂರು ಸೆಂಟುಗಳು ಸಾವಿರ, ಹತ್ತು ಸಾವಿರ. ಹನಿ ಹನಿ ಕೂಡಿ ಹಳ್ಳ ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದು ಉಳಿತಾಯದ ಬಗ್ಗೆ. ಸೋರುವುದೂ ಹಾಗೇ ಅಂತ ಯಾರೂ ಹೇಳಲಿಲ್ಲ.

ಇಷ್ಟೆಲ್ಲ ಬರೆಯುವ ನಾನು ಈಗ ಮೇಜಿನ ಮೇಲಿರುವ ಒಂದು ಕಾಗದದ ವಿಷಯ ಹೇಳಲೇಬೇಕು. ಫಾರಂ 5695. ಮನೆಯ ಮಾಡಿಗೆ ಸೌರ ಫಲಕ ಹಾಕಿಸಿದವರು ತುಂಬುವ ಫಾರಂ. ಖರ್ಚಿನ 30 ಪರ್ಸೆಂಟ್ ತೆರಿಗೆಯಲ್ಲಿ ವಾಪಸ್. ಪಿಟ್ಸ್‌ಬರ್ಗ್‌ನಲ್ಲಿ ಸೂರ್ಯ ಕಾಣುವುದೇ ಅಪರೂಪ, ಅದು ಬೇರೆ ಮಾತು. 2025ರ ಜುಲೈನಲ್ಲಿ ರಿಪಬ್ಲಿಕನ್ನರು ಪಾಸು ಮಾಡಿದ ಮಸೂದೆ ಈ ರಿಯಾಯಿತಿಯನ್ನು ಡಿಸೆಂಬರ್ 31ಕ್ಕೆ ಮುಗಿಸಿತು. ತತ್ವದ ಪ್ರಕಾರ ನಾನು ಚಪ್ಪಾಳೆ ಹೊಡೆಯಬೇಕಿತ್ತು. ನಾನು ಮಾಡಿದ್ದೇನು ಗೊತ್ತಾ? ಗಡುವಿನೊಳಗೆ ಮುಗಿಸಿಕೊಡಿ ಅಂತ ಕೆಲಸದವರ ಹಿಂದೆ ಎರಡು ತಿಂಗಳು ಓಡಾಡಿದೆ. ಡಿಸೆಂಬರ್ ಚಳಿಯಲ್ಲಿ ಅವರು ಮಾಡಿನ ಮೇಲೆ ಹತ್ತಿದಾಗ ಕೆಳಗೆ ನಿಂತು ಕಾಫಿ ಕೊಟ್ಟೆ. ಅಂಗೋರಾ ಮೇಕೆ ನಮ್ಮ ಮನೆಯಲ್ಲೂ ಇದೆ.

ಈಗ ನಮ್ಮ ಪಕ್ಷದ ವಿಷಯ.

2005ರಲ್ಲಿ ಶ್ವೇತಭವನ, ಕಾಂಗ್ರೆಸ್ಸಿನ ಎರಡು ಸದನಗಳಾದ ಸೆನೆಟ್, ಹೌಸ್ ಮೂರೂ ರಿಪಬ್ಲಿಕನ್ನರ ಕೈಯಲ್ಲಿ. ಆಗ ಬಂದ ಹೆದ್ದಾರಿ ಮಸೂದೆಯಲ್ಲಿ ಅಲಾಸ್ಕಾದ ಕೆಚಿಕನ್ ಊರಿನಿಂದ ಗ್ರಾವಿನಾ ದ್ವೀಪಕ್ಕೆ ಸೇತುವೆ ಕಟ್ಟಲು 22 ಕೋಟಿ 30 ಲಕ್ಷ ಡಾಲರ್ ಇಟ್ಟರು. ದ್ವೀಪದ ಜನಸಂಖ್ಯೆ ಸುಮಾರು 50. ವಿಮಾನ ನಿಲ್ದಾಣ ಆ ದ್ವೀಪದಲ್ಲಿದೆ, ನಿಜ. ದಾಟಲು ದೋಣಿಯೂ ಇದೆ, ಕೆಲವೇ ನಿಮಿಷದ ಹಾದಿ. ಹಣ ಇಟ್ಟವರು ಅಲಾಸ್ಕಾದ ಡಾನ್ ಯಂಗ್, ಹೌಸ್‌ನ ಸಾರಿಗೆ ಸಮಿತಿಯ ಅಧ್ಯಕ್ಷರು. ಮಸೂದೆಯ ಉದ್ದನೆಯ ಹೆಸರಿನ ಕೊನೆಗೆ ತಮ್ಮ ಹೆಂಡತಿಯ ಹೆಸರಿನ ಎರಡಕ್ಷರ ಬರುವ ಹಾಗೆ ನೋಡಿಕೊಂಡವರು. ಅಂಥ ಪ್ರೀತಿ ಸ್ವಂತ ದುಡ್ಡಿನಲ್ಲಿ ತೋರಿಸುವುದು ಕಷ್ಟ.

ಅದೇ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿತು. ಅಕ್ಟೋಬರ್‌ನಲ್ಲಿ ಕೋಬರ್ನ್ ಸೆನೆಟ್‌ನಲ್ಲಿ ಎದ್ದು ನಿಂತು ಆ ಹಣವನ್ನು ಲೂಸಿಯಾನಾದಲ್ಲಿ ಮುರಿದುಬಿದ್ದ ಸೇತುವೆಯ ರಿಪೇರಿಗೆ ಕೊಡೋಣ ಅಂದರು. ಅಲಾಸ್ಕಾದ ಹಿರಿಯ ಸೆನೆಟರ್ ಟೆಡ್ ಸ್ಟೀವನ್ಸ್ ಹಾಗೇನಾದರೂ ಆದರೆ ರಾಜೀನಾಮೆ ಕೊಡ್ತೀನಿ ಅಂತ ಗುಡುಗಿದರು. ಮತಕ್ಕೆ ಹಾಕಿದರು. ಕೋಬರ್ನ್ ಕಡೆ 15, ಎದುರು 82. ಪಕ್ಷಭೇದವಿಲ್ಲದೆ ಒಬ್ಬರ ಸೇತುವೆಯನ್ನು ಇನ್ನೊಬ್ಬರು ಕಾದರು. ಇವತ್ತು ನಿನ್ನ ಸೇತುವೆ, ನಾಳೆ ನನ್ನದು. ನಮ್ಮ ಕಡೆ ಮುಯ್ಯಿ ಮಾಡುವುದು ಅನ್ನುತ್ತಾರಲ್ಲ, ಅದೇ. ಮುಯ್ಯಿಯ ದುಡ್ಡು ಮಾತ್ರ ಮದುವೆಗೆ ಕರೆಯದವರದ್ದು.

2007ರಲ್ಲಿ ಸೇತುವೆ ರದ್ದಾಯಿತು. ಆದರೆ ಸೇತುವೆಗೆ ಹೋಗಬೇಕಿದ್ದ ರಸ್ತೆಯನ್ನು ದ್ವೀಪದಲ್ಲಿ ಎರಡೂವರೆ ಕೋಟಿ ಡಾಲರ್ ಹಾಕಿ ಕಟ್ಟಿದರು. ಕಟ್ಟದಿದ್ದರೆ ಆ ಹಣ ವಾಷಿಂಗ್ಟನ್‌ಗೆ ವಾಪಸ್ ಕೊಡಬೇಕಾಗುತ್ತಿತ್ತಂತೆ. ಇಲ್ಲದ ಸೇತುವೆಗೆ ಇರುವ ರಸ್ತೆ.

ರೇಗನ್ ನಮ್ಮ ಆರಾಧ್ಯ ದೈವ. ಅವರ ಎಂಟು ವರ್ಷದಲ್ಲಿ ದೇಶದ ಸಾಲ ಸುಮಾರು ಮೂರು ಪಟ್ಟಾಯಿತು. ಪೋಲು ಹುಡುಕಲು ಅವರು ನೇಮಿಸಿದ ಗ್ರೇಸ್ ಆಯೋಗ 1984ರ ಜನವರಿಯಲ್ಲಿ 2,478 ಸಲಹೆಗಳ ವರದಿ ಕೊಟ್ಟಿತು. ಅದರಲ್ಲಿ ಬಹುಪಾಲು ಬೀರು ಸೇರಿತು. ಕೊನೆಯದಾಗಿ ಆದಾಯ ಖರ್ಚಿಗಿಂತ ಜಾಸ್ತಿ ಇದ್ದದ್ದು 1998ರಿಂದ 2001ರವರೆಗೆ. ಮೂರು ವರ್ಷಕ್ಕೂ ಮೇಲೆ ಕ್ಲಿಂಟನ್ ಅಧ್ಯಕ್ಷ, ಕಾಂಗ್ರೆಸ್ ರಿಪಬ್ಲಿಕನ್ನರದ್ದು. ಒಬ್ಬರನ್ನೊಬ್ಬರು ನಂಬದ ಇಬ್ಬರ ಕೈಗೆ ಒಂದೇ ಬೀಗದ ಎರಡು ಕೀಲಿ. ಬುಷ್ ಬಂದ ಮೇಲೆ ಎರಡೂ ಕೀಲಿ ನಮ್ಮವರ ಕೈಗೆ ಬಂದವು. ತೆರಿಗೆ ಇಳಿಸಿದರು, ಎರಡು ಯುದ್ಧ ಮಾಡಿದರು, 2003ರಲ್ಲಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಔಷಧಿಯ ಸೌಲಭ್ಯ ಸೇರಿಸಿದರು, ಯಾವುದಕ್ಕೂ ಹಣ ಎತ್ತಿಡಲಿಲ್ಲ. ಸಾಲ 2017ರ ಸೆಪ್ಟೆಂಬರ್‌ನಲ್ಲಿ 20 ಲಕ್ಷ ಕೋಟಿ ಡಾಲರ್ ದಾಟಿತು. 2025ರ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ. ನಡುವೆ ಟ್ರಂಪ್, ಬೈಡನ್, ಮತ್ತೆ ಟ್ರಂಪ್.

2024ರ ಆರ್ಥಿಕ ವರ್ಷದಲ್ಲಿ ಸರ್ಕಾರ ಖರ್ಚು ಮಾಡಿದ ಪ್ರತಿ ಡಾಲರ್‌ನಲ್ಲಿ 27 ಸೆಂಟ್ ಸಾಲದ್ದು. ಆ ವರ್ಷ ಬಡ್ಡಿಯೇ ಸುಮಾರು 88,000 ಕೋಟಿ ಡಾಲರ್. ಇಡೀ ರಕ್ಷಣಾ ಖರ್ಚಿಗಿಂತ ಜಾಸ್ತಿ. ಏಳು ಸಲ ಫೇಲಾದ ಪೆಂಟಗನ್ ಕೂಡ ಕನಿಷ್ಠ ಹಡಗು, ವಿಮಾನ ತೋರಿಸುತ್ತದೆ. ಬಡ್ಡಿ ಏನು ತೋರಿಸುತ್ತದೆ?

ಹಾಗಾಗಿ 2025ರ ಜನವರಿಯಲ್ಲಿ, ಸರ್ಕಾರದ ಪೋಲು ಕತ್ತರಿಸಲು ಟ್ರಂಪ್ ಮಾಡಿದ ಡೋಜ್ ಶುರುವಾದಾಗ ನಾನು ಖುಷಿಪಟ್ಟೆ. ಮುಚ್ಚಿಡುವುದಿಲ್ಲ. ಅದನ್ನು ನಡೆಸುತ್ತಿದ್ದ ಎಲಾನ್ ಮಸ್ಕ್ ಬಾಯರ್ಸ್ ಗಣಿಯ ಹೆಸರು ಹೇಳಿದಾಗ, ಅದೂ ಅಧ್ಯಕ್ಷರ ಕಚೇರಿಯಲ್ಲಿ ನಿಂತು, ನನ್ನ ಮಗಳನ್ನು ಕರೆದು ತೋರಿಸಿದೆ. "ನೋಡು, ಕಾಫಿ ಕುಡಿದಿದ್ವಲ್ಲ, ಅದೇ ಜಾಗ!"

ಚುನಾವಣೆಗೆ ಮುಂಚೆ ಉಳಿಸುತ್ತೇವೆ ಅಂದದ್ದು ಎರಡು ಲಕ್ಷ ಕೋಟಿ ಡಾಲರ್. ಆಮೇಲೆ ಅದು ಒಂದಾಯಿತು. ಏಪ್ರಿಲ್‌ಗೆ 15,000 ಕೋಟಿಗೆ ಇಳಿಯಿತು. ಮೇ ಕೊನೆಗೆ ಮಸ್ಕ್ ಹೊರಟರು. ಉಳಿತಾಯದ ಪಟ್ಟಿ ಅಂತ ತಾಣದಲ್ಲಿ ಹಾಕಿದ್ದರಲ್ಲಿ ಒಂದು ಗುತ್ತಿಗೆ 800 ಕೋಟಿ ಡಾಲರ್ ಅಂತ ಇತ್ತು. ಪತ್ರಕರ್ತರು ಮೂಲ ದಾಖಲೆ ತೆಗೆದು ನೋಡಿದರೆ ಅದು 80 ಲಕ್ಷ. ಮೂರು ಸೊನ್ನೆ ಜಾಸ್ತಿ. 53 ಹೋಗಿ 35 ಆದದ್ದಕ್ಕೆ ಮೂರು ರಾತ್ರಿ ಕೂತವರ ಮಗ ನಾನು. ಆ ಸುದ್ದಿ ಓದಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಸಂಸ್ಥೆಯ ನೂರಾರು ನೌಕರರನ್ನು ತೆಗೆದುಹಾಕಿ, ಅವರು ಯಾರು ಅಂತ ತಿಳಿದ ಮೇಲೆ ವಾಪಸ್ ಕರೆದರು.

ಆ ಫೆಬ್ರವರಿಯಲ್ಲೇ ಊರಿನ ವಾಟ್ಸಾಪ್ ಗುಂಪುಗಳೂ ಹೊತ್ತಿ ಉರಿದವು. ಭಾರತದಲ್ಲಿ ಮತದಾನ ಹೆಚ್ಚಿಸಲು ಅಮೆರಿಕ 2 ಕೋಟಿ 10 ಲಕ್ಷ ಡಾಲರ್ ಕೊಡುತ್ತಿತ್ತು, ಡೋಜ್ ನಿಲ್ಲಿಸಿತು ಅಂತ. ಟ್ರಂಪ್ ಅದನ್ನು ಭಾಷಣಗಳಲ್ಲಿ ಹೇಳಿದರು. ನಮ್ಮಲ್ಲಿ ಪಕ್ಷಗಳು ಒಂದರ ಮೇಲೊಂದು ಬಿದ್ದವು. ಅಂಥ ಹಣ ಭಾರತದಲ್ಲಿ ಕೊಟ್ಟೇ ಇಲ್ಲ ಅಂತ ಅಮೆರಿಕದ ರಾಯಭಾರ ಕಚೇರಿಯೇ ಆಮೇಲೆ ಭಾರತ ಸರ್ಕಾರಕ್ಕೆ ತಿಳಿಸಿತು. ಆ ಸುದ್ದಿ ಯಾವ ಗುಂಪಿನಲ್ಲೂ ಫಾರ್ವರ್ಡ್ ಆಗಿ ಬರಲಿಲ್ಲ.

2025ರ ಆರ್ಥಿಕ ವರ್ಷ ಮುಗಿದಾಗ ಒಟ್ಟು ಖರ್ಚು ಹಿಂದಿನ ವರ್ಷಕ್ಕಿಂತ ಏರಿತ್ತು. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣ ಅಂದರೆ, ಇಲಿ ಸಿಕ್ಕಿತಾ ಅನ್ನುವುದೇ ಅನುಮಾನ. ಕಾರಣವೂ ಗುಟ್ಟಲ್ಲ. ದುಡ್ಡು ಹೋಗುವುದು ಮುದುಕರ ಪಿಂಚಣಿಗೆ, ಮೆಡಿಕೇರ್‌ಗೆ, ಸೈನ್ಯಕ್ಕೆ, ಬಡ್ಡಿಗೆ. ಇವುಗಳನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಜುಲೈ ಮಸೂದೆಯೋ, ನನ್ನ ಸೌರ ಫಲಕದ ರಿಯಾಯಿತಿ ಕಿತ್ತುಕೊಂಡ ಮೇಲೂ, ಹತ್ತು ವರ್ಷದಲ್ಲಿ ಕೊರತೆಗೆ 3.4 ಲಕ್ಷ ಕೋಟಿ ಸೇರಿಸುತ್ತದೆ ಅಂತ ಕಾಂಗ್ರೆಸ್ಸಿನದೇ ಬಜೆಟ್ ಕಚೇರಿ ಲೆಕ್ಕ ಹಾಕಿತು. ಇದು ಕನ್ಸರ್ವೇಟಿವ್ ಅನ್ನಿಸಿಕೊಂಡವರ ಕೆಲಸ. ಗೆಳೆಯರ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು.

ಸದ್ದಿಲ್ಲದೆ ಆದ ಒಂದು ಕೆಲಸವೂ ಇದೆ. ಕೋವಿಡ್ ಕಾಲದಲ್ಲಿ ಮೊದಲ ಸುತ್ತಿನ ಪರಿಹಾರ ಹಣ ಹಂಚಿದಾಗ ಸತ್ತವರ ಹೆಸರಿಗೆ ಸುಮಾರು 11 ಲಕ್ಷ ಪಾವತಿ ಹೋಗಿತ್ತು. ಒಟ್ಟು 140 ಕೋಟಿ ಡಾಲರ್. ಸತ್ತವರ ಪೂರ್ತಿ ಪಟ್ಟಿ ಸರ್ಕಾರದ ಒಂದು ಇಲಾಖೆಯಲ್ಲಿತ್ತು, ಚೆಕ್ ಕಳಿಸುವ ಖಜಾನೆ ಇಲಾಖೆಗೆ ಅದನ್ನು ನೋಡುವ ಅಧಿಕಾರ ಇರಲಿಲ್ಲ. ಕಾಂಗ್ರೆಸ್ ಕೊನೆಗೆ ಕೊಟ್ಟಿತು. 2023ರ ಡಿಸೆಂಬರ್‌ನಿಂದ ಐದು ತಿಂಗಳು ಪಟ್ಟಿಯೊಂದಿಗೆ ತಾಳೆ ನೋಡಿದ್ದಕ್ಕೇ 3 ಕೋಟಿ 10 ಲಕ್ಷ ಡಾಲರ್ ಕೈಸೇರಿತು. ಆಗ ಅಧಿಕಾರ ಕೊಟ್ಟದ್ದು ಎಷ್ಟು ಕಾಲಕ್ಕೆ? ಮೂರು ವರ್ಷಕ್ಕೆ. ಮೇಕೆ ಕೂದಲಿಗೆ ನಲವತ್ತು ವರ್ಷ, ಲೆಕ್ಕ ನೋಡುವುದಕ್ಕೆ ಮೂರು.

ಎರಡು ವರ್ಷದ ಹಿಂದೆ ಎಲೆ ಕೆಂಪಾಗುವ ಕಾಲದಲ್ಲಿ ವರ್ಮಾಂಟ್‌ಗೆ ಹೋಗಿದ್ದೆವು. ಹೆಂಡತಿಗೆ ಕಾಡು ನೋಡಬೇಕಿತ್ತು. ನನಗೆ ಪ್ಲಿಮತ್ ನಾಚ್ ಅನ್ನುವ ಹಳ್ಳಿ ನೋಡಬೇಕಿತ್ತು, ಕ್ಯಾಲ್ವಿನ್ ಕೂಲಿಡ್ಜ್ ಹುಟ್ಟಿದ ಊರು. 1923ರ ಆಗಸ್ಟ್‌ನಲ್ಲಿ ಅಧ್ಯಕ್ಷ ಹಾರ್ಡಿಂಗ್ ಸತ್ತ ಸುದ್ದಿ ಬಂದಾಗ ಉಪಾಧ್ಯಕ್ಷ ಕೂಲಿಡ್ಜ್ ಅಲ್ಲಿ ಅಪ್ಪನ ಮನೆಯಲ್ಲಿದ್ದರು. ಅಪ್ಪ ಊರಿನ ನೋಟರಿ. ರಾತ್ರಿ ಎರಡೂಮುಕ್ಕಾಲಿಗೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಅಪ್ಪನೇ ಮಗನಿಗೆ ಪ್ರಮಾಣವಚನ ಬೋಧಿಸಿದರು. ಆ ಕೋಣೆ ಈಗಲೂ ಇದೆ. ಚಿಕ್ಕದು. ನಮ್ಮ ಸೊಸೈಟಿಯ ಹಿಂದಿನ ಕೋಣೆಗಿಂತ ಸ್ವಲ್ಪ ದೊಡ್ಡದಿರಬಹುದು. ನಾನು ಅಲ್ಲಿ ಅಗತ್ಯಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ, ಮಗಳು ಕೈ ಹಿಡಿದು ಎಳೆದಳು.

ಕೂಲಿಡ್ಜ್ ತಮ್ಮ ಬಜೆಟ್ ನಿರ್ದೇಶಕ ಹರ್ಬರ್ಟ್ ಲಾರ್ಡ್ ಜೊತೆ ತಪ್ಪದೆ ಕೂರುತ್ತಿದ್ದರು. ಖರ್ಚಿನ ಪಟ್ಟಿ ಇಟ್ಟುಕೊಂಡು, ಸಾಲು ಸಾಲಾಗಿ. ಲಾರ್ಡ್ ಅವರ ಕಾಲದಲ್ಲಿ ಸರ್ಕಾರಿ ಗುಮಾಸ್ತರಿಗೆ ಸಲಕ್ಕೆ ಒಂದೇ ಪೆನ್ಸಿಲ್. ಹೊಸದು ಬೇಕಾದರೆ ಹಳೆಯ ಮೋಟು ವಾಪಸ್ ಕೊಡಬೇಕು. ಉಳಿತಾಯ ಮಾಡುವ ನೌಕರರಿಗೆ ಮರಕುಟಿಗಗಳ ಸಂಘ ಅಂತ ಒಂದು ಕೂಟ ಮಾಡಿದ್ದರು. ಪೋಲನ್ನು ಕುಟುಕುತ್ತಾ ಇರಬೇಕು, ಬಿಡದೆ. ಜೋಹಾನ್ಸ್‌ಬರ್ಗ್‌ನಿಂದ ಕೂಲಿಡ್ಜ್‌ಗೆ ಎರಡು ಸಿಂಹದ ಮರಿಗಳು ಉಡುಗೊರೆಯಾಗಿ ಬಂದವು. ಒಂದಕ್ಕೆ ಇಟ್ಟ ಹೆಸರು ತೆರಿಗೆ ಕಡಿತ, ಇನ್ನೊಂದಕ್ಕೆ ಬಜೆಟ್ ಬ್ಯೂರೋ! ಸಾಲ ಸುಮಾರು 2,200 ಕೋಟಿ ಡಾಲರ್ ಇದ್ದದ್ದು ಅವರು ಇಳಿಯುವಾಗ 1,700 ಕೋಟಿ. ಆಮೇಲೆ ಯಾವ ಅಧ್ಯಕ್ಷರೂ ತಮ್ಮ ಅವಧಿಯಲ್ಲಿ ಅಷ್ಟು ಪಾಲು ಸಾಲ ತೀರಿಸಿಲ್ಲ.

ಕಾಲ ಬೇರೆ, ಒಪ್ಪುತ್ತೇನೆ. ಆಗ ಮುದುಕರ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ಇರಲಿಲ್ಲ, ಮೆಡಿಕೇರ್ ಇರಲಿಲ್ಲ. ಮತ್ತೆ 1927ರಲ್ಲಿ ಮಿಸಿಸಿಪಿ ನದಿ ಉಕ್ಕಿ ಲಕ್ಷಾಂತರ ಜನ ಮನೆ ಕಳೆದುಕೊಂಡಾಗ, ಬನ್ನಿ ಬನ್ನಿ ಅಂತ ರಾಜ್ಯಪಾಲರು ಕರೆದರೂ ಕೂಲಿಡ್ಜ್ ಹೋಗಲಿಲ್ಲ. ಅದನ್ನು ನಾನು ಸಮರ್ಥಿಸಲಾರೆ. ಅಪ್ಪ ಲೆಕ್ಕದಲ್ಲಿ ಕಟುಕ, ಆದರೆ ಬರ ಬಂದ ವರ್ಷ ಗೊಬ್ಬರದ ಬಾಕಿ ಕಟ್ಟಲಾಗದವರ ಮನೆಗೆ ತಾವೇ ಹೋಗಿ ಕೂತು, ಕಂತು ಮುಂದೂಡಿ ಬರುತ್ತಿದ್ದರು. ಮುಂದೂಡಿದ್ದನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು.

ತೆರಿಗೆ ಕಾಗದ ಮುಗಿಯುವ ಹೊತ್ತಿಗೆ ಸಂಜೆ ಏಳಾಗಿತ್ತು. ಹೆಂಡತಿ ನನ್ನ ಎದುರು ಕೂತು ತೆರಿಗೆ ಇಲಾಖೆಯ ಸೂಚನೆಯ ಪುಸ್ತಕ ತಿರುವಿಹಾಕುತ್ತಿದ್ದಳು. ಅದನ್ನು ಯಾರೂ ಓದುವುದಿಲ್ಲ. ಅವಳು ಓದುತ್ತಾಳೆ.

"ರೀ, ಇಲ್ನೋಡಿ. ದೇಶದ ಸಾಲ ತೀರಿಸೋಕೆ ಕಾಣಿಕೆ ಕೊಡಬಹುದಂತೆ. ಚೆಕ್ ಬರೆದು ಕಳಿಸಿದ್ರೆ ಆಯ್ತು."

ನನಗೆ ಗೊತ್ತಿತ್ತು. 1961ರಿಂದಲೂ ಅಂಥದ್ದೊಂದು ಖಾತೆ ಇದೆ. ಪ್ರತಿ ವರ್ಷ ಯಾರ್ಯಾರೋ ಪುಣ್ಯಾತ್ಮರು ಕಳಿಸುತ್ತಲೇ ಇರುತ್ತಾರೆ.

"ಇಡೀ ದಿನ ಬೈತಾ ಕೂತಿದ್ರಲ್ಲ. ಸೌರ ಫಲಕದ್ದು ಅಷ್ಟು ವಾಪಸ್ ಬರ್ತಿದೆ. ಅದನ್ನಾದ್ರೂ ಕಳಿಸಿ."

ಚೆಕ್ ಪುಸ್ತಕ ತೆಗೆದೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಒಂದು ನಿಮಿಷ ಕೂತಿದ್ದು ಹೇಳಿದೆ, "ಜೇಬಿಂದ ಹಾಕಿದ್ರೆ ಲೆಕ್ಕ ಸರಿಹೋಗಲ್ಲ ಕಣೆ. ತಪ್ಪು ಮುಚ್ಚಿಹೋಗುತ್ತೆ, ಅಷ್ಟೆ."

"ಮಾವ ಆ ಮಾತು ಹೇಳಿ ಮೂರು ರಾತ್ರಿ ನಿದ್ದೆಗೆಟ್ಟಿದ್ರು" ಅಂದಳು ಅವಳು. "ನೀವು ಹೇಳಿ ಊಟಕ್ಕೆ ಏಳ್ತಿದೀರಿ."

ಸಾರು ಆರುತ್ತಿತ್ತು. ಚೆಕ್ ಪುಸ್ತಕ ಇನ್ನೂ ಮೇಜಿನ ಮೇಲೇ ಇದೆ.